ಅಪ್ಪನ ಎಡೆಗೆ ಬಂದ ಬದನೆಕಾಯಿ

ನಂಜನಗೂಡಿನ ಮನೆಯಲ್ಲಿ ಅಮ್ಮ, ನಾನು, ನಾಲ್ಕೈದು ನೆಂಟರು ಸೇರಿ ಅಪ್ಪನ ತಿಥಿಯ ಎಡೆ ಬಡಿಸುತ್ತಿದ್ದೆವು. ಗುರುತಿಲ್ಲದ ಹೆಂಗಸೊಬ್ಬಳು ಬಂದು, “ಅವ್ರಿಗಿಷ್ಟ” ಅಂತ ಬದನೆಕಾಯಿ ಎಣ್ಣೆಗಾಯಿಯ ಡಬ್ಬಿಯನ್ನು ಅಪ್ಪನ ಫೋಟೋದ ಮುಂದಿಟ್ಟಳು. ನೆಂಟರು ಮುಖ ಮುಖ ನೋಡಿಕೊಂಡರು. ತಮಗೆ ಸೇರದೆಂದು ಅಪ್ಪ ಬದನೆಕಾಯಿಯನ್ನು ಮನೆಗೇ ತಂದವರಲ್ಲ. ಪಂಪ್‌ಸೆಟ್ ರಿಪೇರಿ ಕೆಲಸಕ್ಕೆಂದು ವಾರಕ್ಕೆರಡು ದಿನ ಟಿ. ನರಸೀಪುರಕ್ಕೆ ಹೋಗುತ್ತಿದ್ದರು. ಅಮ್ಮನ ಮುಖ ಬಿಗಿದುಕೊಂಡಿತು.

“ಅವರ ಬಾಯ್ರುಚಿ ನಿಂಗೆಂಗವ್ವ ಗೊತ್ತು? ಯಾರು ನೀನು?”

“ನರಸೀಪುರದಲ್ಲಿ ನಮ್ದು ಊಟದ ಓಟ್ಲು ಕಣಕ್ಕ. ಬಂದಾಗೆಲ್ಲ ಇದ್ನೇ ಕೇಳೋರು. ಬದನೆಕಾಯಿ ಮುಟ್ಟುದ್ರೆ ನಿಮ್ಗೆ ಕೈಯೆಲ್ಲ ಕಡಿತದಂತಲ್ಲ? ‘ನಂಗಿಷ್ಟ ಅಂದ್ರೆ ಅವ್ಳು ಮಾಡ್ದೆ ಬುಡಾಕಿಲ್ಲ, ಅದ್ಕೇ ಯೋಳಿಲ್ಲ’ ಅಂತಿದ್ರು.”

ಅಮ್ಮ ಅವಳನ್ನು ಕೂರಿಸಿ ಎಲೆ ಹಾಕಿದಳು.

ಮರುವರ್ಷದ ಎಡೆಗೆ ಎಣ್ಣೆಗಾಯಿಯನ್ನು ಅಮ್ಮನೇ ಮಾಡಿದಳು. ಸಂಜೆಯವರೆಗೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಳು.