ಮೊಗ್ಗಿನ ಪತಂಗದ ಕುಡಿಮೀಸೆ

ಶಂಕರಪುರದಲ್ಲಿ ನನ್ನ ಮಾವ್ಶಿಯ, ಅಂದರೆ ಅಮ್ಮನ ತಂಗಿಯ, ಮಲ್ಲಿಗೆ ತೋಟವಿತ್ತು. ಗಂಡ ತೀರಿಕೊಂಡ ಮೇಲೆ ಆ ಗಿಡಗಳೇ ಅವಳನ್ನು ಸಾಕಿದ್ದವು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಗಾಡಿ ಬರುವುದರೊಳಗೆ ದುಂಡಗೆ ಸುತ್ತಿ ಚೆಂಡು ಮಾಡಿ ಇಡುತ್ತಿದ್ದಳು. ಮೊಗ್ಗು ಕೊರೆಯುವ ಹುಳದ ಕಾಟಕ್ಕೆ ಆಗಾಗ ಔಷಧ ಹೊಡೆಯಬೇಕಿತ್ತು. ಬೆನ್ನಿಗೆ ಡಬ್ಬ ಕಟ್ಟಿಕೊಂಡು ತಾನೇ ಹೊಡೆಯುತ್ತಿದ್ದಳು. ಕೊನೆಗೆ ಉಬ್ಬಸ ಹಿಡಿಯಿತು. ಉಡುಪಿಯ ಡಾಕ್ಟರು, “ಇನ್ನು ಆ ವಿಷದ ಹತ್ತಿರ ಹೋಗಲೇಬಾರದು” ಎಂದರು.

ಆಗ ನಾನು ಮಣಿಪಾಲದಲ್ಲಿ ಅದೇ ಹುಳದ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಹುಳ ಬೆಳೆದು ಸಣ್ಣ ಬಿಳಿ ಪತಂಗವಾಗುತ್ತದೆ. ಹೆಣ್ಣು ಪತಂಗ ವಾಸನೆ ಹಿಡಿದು ಬಂದು ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ. ಅದರ ಮೂಗು ಇರುವುದು ತಲೆಯ ಮೇಲಿನ ಎರಡು ಕುಡಿಮೀಸೆಗಳಲ್ಲಿ. ಅವುಗಳ ರಚನೆಯನ್ನು ನೋಡುವುದು ನನ್ನ ಕೆಲಸ.

“ಅದರ ಮೂಗು ಕಟ್ಟಿಸಲಿಕ್ಕೆ ಆಗ್ತದಾ?” ಎಂದು ಮಾವ್ಶಿ ಕೇಳಿದಳು.

“ಯಾವ ವಾಸನೆಗೆ ಬರ್ತದೆ ಅಂತ ಗೊತ್ತಾದರೆ, ಅದೇ ವಾಸನೆ ಇಟ್ಟು ಬಲೆಗೆ ಬೀಳಿಸಬಹುದು ಮಾವ್ಶಿ. ಆದ್ರೆ ಅದು ತುಂಬಾ ದೂರದ ಮಾತು.”

“ದೂರ ಆದ್ರೂ ದಾರಿ ಉಂಟಲ್ವಾ” ಎಂದಳು. ಆ ವಾರದಿಂದಲೇ ಔಷಧ ನಿಲ್ಲಿಸಿದಳು.

ಆಸ್ಪತ್ರೆಗೆಂದು ಬಂದಿದ್ದ ಒಂದು ದಿನ ಅವಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದೆ. ಅವಳ ತೋಟದಲ್ಲೇ ಹಿಡಿದ ಪತಂಗದ ಮೀಸೆಗೆ ಚಿನ್ನದ ತೆಳು ಲೇಪ ಕೊಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ದೆವು. ಚಿನ್ನವೆಂದಾಗ ಅವಳು ನಕ್ಕಳು. ಪರದೆಯ ಮೇಲೆ ಮೀಸೆಯ ಗೆಣ್ಣುಗಳು ಕಾಣಿಸಿದವು, ಗೆಣ್ಣುಗಳ ತುಂಬ ರೋಮ. ಉದ್ದ ರೋಮದ ಗೋಡೆಯಲ್ಲಿ ಸೂಜಿಮೊನೆಗಿಂತ ಎಷ್ಟೋ ಸಣ್ಣ ರಂಧ್ರಗಳು. ವಾಸನೆ ಒಳಗಿನ ನರಕ್ಕೆ ಮುಟ್ಟುವುದು ಅವುಗಳ ಮೂಲಕ. ನಡುನಡುವೆ ಮೊಂಡು ತುದಿಯ ಗಿಡ್ಡ ಗೂಟಗಳು. ಬುಡದ ಹತ್ತಿರ ರಂಧ್ರವೇ ಇಲ್ಲದ ಬಿರುಸು ರೋಮಗಳು, ಸ್ಪರ್ಶಕ್ಕೆ. ಕೆಲವು ಕಡೆ ಕುಳಿಯೊಳಗೆ ಅಡಗಿದ ಮೊಳೆಯಂಥವು. ಅವು ಗಾಳಿಯ ತೇವ ತಿಳಿಯಲು ಇರಬೇಕೆಂದು ನಾವು ಅಂದುಕೊಂಡಿದ್ದೆವು.

ಮಾವ್ಶಿ ಬಹಳ ಹೊತ್ತು ನೋಡಿದಳು. “ಇಷ್ಟೆಲ್ಲ ಕೊಟ್ಟಿದ್ದಾನಲ್ಲ ದೇವರು ಇದಕ್ಕೆ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು.

ಚಿತ್ರಗಳೇನೋ ಚೆನ್ನಾಗಿ ಬಂದವು. ಆದರೆ ಯಾವ ರೋಮ ಯಾವ ವಾಸನೆಗೆ ಮಿಡಿಯುತ್ತದೆಂದು ಚಿತ್ರ ಹೇಳುವುದಿಲ್ಲ. ಅದಕ್ಕೆ ಜೀವಂತ ಮೀಸೆಗೆ ತಂತಿ ಜೋಡಿಸಿ, ಒಂದೊಂದೇ ವಾಸನೆ ಊದಿ ಅಳೆಯುವ ಬೇರೆ ಯಂತ್ರ ಬೇಕು. ಅದು ನಮ್ಮಲ್ಲಿರಲಿಲ್ಲ. ಮಾರ್ಗದರ್ಶಕರು ನಿವೃತ್ತರಾದರು, ಯೋಜನೆ ಮುಂದುವರಿಯಲಿಲ್ಲ. ರಚನೆಯ ಭಾಗವಷ್ಟನ್ನೇ ಬರೆದು ಪದವಿ ಪಡೆದು ನಾನು ಕಾರ್ಕಳದ ಕಾಲೇಜಿಗೆ ಸೇರಿದೆ.

ಅಷ್ಟರಲ್ಲಿ ಔಷಧವಿಲ್ಲದ ತೋಟದಲ್ಲಿ ಮೊಗ್ಗುಗಳು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿದ್ದವು. ಮುಂದೆ ಏನೂ ಆಗದೆಂದು ನಾನೇ ಹೋಗಿ ಹೇಳಿದೆ. ಮಾವ್ಶಿ ಸಿಟ್ಟಾಗಲಿಲ್ಲ. “ನೀನೆಂತ ಮಾಡ್ಲಿಕ್ಕಾಗ್ತದೆ” ಎಂದಳು. ಮರುದಿನವೇ ಮುಖಕ್ಕೆ ಬೈರಾಸು ಸುತ್ತಿ ಮತ್ತೆ ಡಬ್ಬ ಹೊತ್ತಳಂತೆ. ಆ ಮಳೆಗಾಲ ಎರಡು ಸಲ ಆಸ್ಪತ್ರೆ ಸೇರಿದಳು. ಮಳೆ ಬಿಟ್ಟ ಮೇಲೆ ಆಳು ಕರೆಸಿ ಗಿಡಗಳನ್ನೆಲ್ಲ ಕೀಳಿಸಿದಳು.

ಕಳೆದ ತಿಂಗಳು ಹೋದಾಗ ಒಳಗೆ ಕಿಟಕಿಯ ಬಳಿ ಕುಳಿತು, ಪಕ್ಕದ ಮನೆಯವರ ಮೊಗ್ಗು ಕಟ್ಟಿಕೊಡುತ್ತಿದ್ದಳು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಿತ್ತು.

“ನಮ್ಮ ತೋಟದ ಪತಂಗ ಈಗ ಎಲ್ಲಿಗೆ ಹೋಗಿರಬಹುದು?”

“ಪಕ್ಕದ ತೋಟಕ್ಕೆ, ಮಾವ್ಶಿ.”

“ಹೌದು. ಅವರೂ ಔಷಧ ಹೊಡೀತಾ ಇದ್ದಾರೆ” ಎಂದಳು. “ಆ ಮನೆಯ ಹುಡುಗಿಗೆ ಈಗಲೇ ಕೆಮ್ಮು ಶುರುವಾಗಿದೆ.”

ಬೇಲಿಯಾಚೆ ಯಾರೋ ಔಷಧದ ಪಂಪು ಹೊಡೆಯುವ ಸದ್ದು ಕೇಳಿಸಿತು. ಮಾವ್ಶಿ ಎದ್ದು ಕಿಟಕಿ ಮುಚ್ಚಿದಳು.