ಸುರಂಗದಲ್ಲಿ ನಿಲ್ಲುವ ಗಾಡಿ

ನಮ್ಮ ಕ್ಲಬ್ಬಿನಲ್ಲಿ ಸದಸ್ಯರಿಗಿಂತ ಪದಾಧಿಕಾರಿಗಳೇ ಹೆಚ್ಚು ಎಂದು ಕಾರವಾರದ ಜನ ಆಡಿಕೊಳ್ಳುತ್ತಾರೆ. ಅದು ಸುಳ್ಳು. ಒಬ್ಬರಿಗೆ ಯಾವ ಹುದ್ದೆಯೂ ಇರಲಿಲ್ಲ. ಕೆಲಸವನ್ನೆಲ್ಲ ಮಾಡುತ್ತಿದ್ದವರು ಅವರೇ.

ಕೋಡಿಬಾಗದ ಕಡೆ ಒಂದು ಹಳೆಯ ಗೋದಾಮಿದೆ. ಅಲ್ಲಿ ಉದ್ದನೆಯ ಹಲಗೆ ಹಾಸಿ, ಕಾರವಾರದಿಂದ ಅಂಕೋಲೆಯವರೆಗಿನ ರೈಲುದಾರಿಯನ್ನು ಗುಡ್ಡ, ಸೇತುವೆ, ಸುರಂಗ ಸಮೇತ ಚಿಕ್ಕದಾಗಿ ಕಟ್ಟಿದ್ದೇವೆ. ಇದನ್ನು ಆಟಿಕೆ ಎಂದರೆ ನಮ್ಮ ಅಧ್ಯಕ್ಷರಿಗೆ ಸಿಟ್ಟು ಬರುತ್ತದೆ. ಮಾದರಿ ಎನ್ನಬೇಕು. ಅವರು ಬ್ಯಾಂಕಿನ ಮ್ಯಾನೇಜರರಾಗಿ ನಿವೃತ್ತರಾದವರು, ಆದರೆ ಮ್ಯಾನೇಜರಿಕೆ ಇನ್ನೂ ನಿವೃತ್ತಿಯಾಗಿಲ್ಲ. ನಾನು ಅಂಕೋಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಹೆಂಗಸು ಎಂಬ ಒಂದೇ ಕಾರಣಕ್ಕೆ ಕಾರ್ಯದರ್ಶಿಯಾದೆ, ಅದೇ ಕಾರಣಕ್ಕೆ ಚಹಾದ ಉಸ್ತುವಾರಿಯೂ ಬಂತು. ರೈಲಿನ ಕ್ಲಬ್ಬಿಗೆ ಭಾನುವಾರ ಬಸ್ಸಿನಲ್ಲಿ ಬರುತ್ತೇನೆ. ಸ್ಟೇಷನ್ನು ಊರಿಂದ ಎಷ್ಟು ದೂರ ಇದೆ ಎಂದು ಬಲ್ಲವರು ಇದಕ್ಕೆ ನಗುವುದಿಲ್ಲ.

ಹುದ್ದೆ ಇಲ್ಲದವರು ಕದ್ರಾದ ವಿದ್ಯುತ್ ಕೇಂದ್ರದಲ್ಲಿ ದುಡಿದು ಬಂದಿದ್ದರು. ಮೀನುಗಾರರ ಮನೆಯವರು. ಅವರ ಊರು ನೌಕಾನೆಲೆಯ ಯೋಜನೆಗೆ ಹೋಗಿತ್ತು, ಸಂಸಾರ ತೋಡೂರಿನ ಕಾಲನಿಗೆ ಬಂದಿತ್ತು. ಸಮುದ್ರದ ಗಾಳಿಗೆ ನಮ್ಮ ಹಳಿಗಳು ವಾರದೊಳಗೆ ಕಿಲುಬು ಹಿಡಿಯುತ್ತವೆ. ಪದಾಧಿಕಾರಿಗಳು ಆ ಕುರಿತು ಗಾಢವಾಗಿ ಚರ್ಚಿಸುವಾಗ ಅವರು ಬಟ್ಟೆ ಹಿಡಿದು ಉಜ್ಜಿ ಮುಗಿಸಿರುತ್ತಿದ್ದರು.

ಅಧ್ಯಕ್ಷರದೊಂದು ನಿಯಮ ಇತ್ತು. ಇವತ್ತು ಭೂಮಿಯ ಮೇಲೆ ಇಲ್ಲದ್ದು ಹಲಗೆಯ ಮೇಲೆ ಇರಕೂಡದು. ಬೇಲೆಕೇರಿ ಬಂದರಿನಲ್ಲಿ ಯಾರೋ ಚಂದ ಮಾಡಿ ಇಟ್ಟಿದ್ದ ಅದಿರಿನ ಕೆಂಪು ರಾಶಿಯನ್ನು, ಈಗ ಅಲ್ಲಿ ಅದಿರಿಲ್ಲವೆಂದು ಅವರು ಗುಡಿಸಿ ಹಾಕಿಸಿದ್ದರು.

ಒಂದು ಭಾನುವಾರ ಹುದ್ದೆ ಇಲ್ಲದವರು ಬಾಯಿ ಬಿಟ್ಟರು. ಅಪರೂಪದ ಸಂಗತಿ.

"ಸಾಹೇಬ್ರೆ, ಕಡಲ ಬದಿಗೆ ನಮ್ಮೂರು ಮಾಡ್ಲಾ? ದೊಡ್ಡದೇನೂ ಬೇಡ. ನಾಕು ಮನೆ, ಒಂದು ಬಾವಿ, ಒಂದು ದೋಣಿ."

"ಆ ಊರು ಎಲ್ಲಿದೆ ಈಗ?" ಎಂದರು ಅಧ್ಯಕ್ಷರು.

"ಈಗ ಇಲ್ಲ."

"ಹಾಗಾದರೆ ಹೇಗೆ ಮಾಡುವುದು?"

ನನಗೆ ತಡೆಯಲಾಗಲಿಲ್ಲ. ಹಲಗೆಯ ಆಚೆ ತುದಿಯಲ್ಲಿ ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹಳಿ ಹೊಳೆಯುತ್ತ ಬಿದ್ದಿತ್ತು. ನಾನು ಹುಡುಗಿಯಾಗಿದ್ದಾಗಿನಿಂದ ಬರುತ್ತಲೇ ಇರುವ ರೈಲು ಅದು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ನಾವು ಅದಕ್ಕೆ ಹಳಿ, ಸಿಗ್ನಲ್ಲು, ಹಸಿರು ಬಣ್ಣದ ಇಂಜಿನ್ನು ಎಲ್ಲ ಮಾಡಿಟ್ಟಿದ್ದೆವು. ಆ ರೈಲು ಎಲ್ಲಿದೆ ಎಂದು ಕೇಳಿದೆ.

"ಅದು ಬರುತ್ತದೆ" ಎಂದರು ಅಧ್ಯಕ್ಷರು. "ಪ್ರತಿ ಚುನಾವಣೆಯಲ್ಲೂ ಹೇಳುತ್ತಾರಲ್ಲ."

ಮತಕ್ಕೆ ಹಾಕಿದರು. ನಾನೊಬ್ಬಳೇ ಕೈ ಎತ್ತಿದೆ. ಊರು ಯಾರದೋ ಅವರೇ ಎತ್ತಲಿಲ್ಲ. "ಇರ್ಲಿ ಅಕ್ಕೋರೆ" ಎಂದು ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡರು. ನನಗೆ ಅವರ ಮೇಲೂ ಸಿಟ್ಟು ಬಂತು. ಹುಟ್ಟದ ರೈಲಿಗೆ ಜಾಗ ಉಂಟು, ಹುಟ್ಟಿ ಬಾಳಿದ ಊರಿಗೆ ಇಲ್ಲ ಎಂದರೆ ಮನುಷ್ಯ ಒಂದು ಕಪ್ಪನ್ನಾದರೂ ಕುಕ್ಕಿ ಇಡಬಾರದೇ?

ಆಮೇಲಿನ ವಾರ ಅವರು ಕಾರವಾರ ದಾಟಿದ ಮೇಲಿನ ಸುರಂಗ ಸರಿಯಿಲ್ಲ ಎಂದರು. ಒಳಗೆ ಗಾಡಿ ಹಳಿ ತಪ್ಪುತ್ತದೆ, ಗುಡ್ಡವನ್ನು ದೊಡ್ಡದು ಮಾಡಬೇಕು. ಗುಡ್ಡಕ್ಕೆ ಯಾರ ತಕರಾರೂ ಇರಲಿಲ್ಲ, ನಮ್ಮ ಕಡೆ ಅವು ಧಾರಾಳ ಇವೆ. ಥರ್ಮೊಕೋಲು ಕಡಿದು, ಪ್ಲಾಸ್ಟರು ಬಳಿದು, ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಅಂಟಿಸಿ, ಒಂದು ಮಳೆಗಾಲ ಪೂರ್ತಿ ಕೂತು ದೊಡ್ಡ ಗುಡ್ಡ ಎಬ್ಬಿಸಿದರು. ಅಧ್ಯಕ್ಷರು ಅಭಿನಂದನಾ ನಿರ್ಣಯ ಮಂಡಿಸಿದರು.

ಅಂದಿನಿಂದ ಗಾಡಿ ಸುರಂಗದೊಳಗೆ ಹೋದರೆ ಸ್ವಲ್ಪ ಹೊತ್ತು ಹೊರಗೆ ಬರುತ್ತಿರಲಿಲ್ಲ. ಗಾಡಿಯ ಸ್ವಿಚ್ಚು ಅವರ ಕೈಯಲ್ಲೇ ಇರುತ್ತಿತ್ತು. ಯಾರಾದರೂ ಕೇಳಿದರೆ, "ಕ್ರಾಸಿಂಗ್ ಅದೆ" ಎನ್ನುತ್ತಿದ್ದರು.

ನಾವು ಒಪ್ಪಿದೆವು. ಒಂಟಿ ಹಳಿಯ ಮೇಲೆ ಓಡಾಡಿದ ಜನ ನಾವು. ಗಾಡಿ ಸುಮ್ಮನೆ ನಿಂತರೆ ಎದುರಿನಿಂದ ಇನ್ನೊಂದು ಬರುತ್ತಿದೆ ಎಂದು ತಿಳಿದು ಶೇಂಗಾ ಸುಲಿಯುತ್ತ ಕೂರುವುದು ನಮಗೆ ರಕ್ತಗತ. ನಮ್ಮ ಹಲಗೆಯ ಮೇಲೆ ಆ ಹಳಿಯಲ್ಲಿ ಓಡುವುದು ಒಂದೇ ಗಾಡಿ ಎಂಬುದು ಯಾರಿಗೂ ಹೊಳೆಯಲಿಲ್ಲ. ವಿಜ್ಞಾನ ಕಲಿಸಿದ ನನಗೂ ಹೊಳೆಯಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಅಧ್ಯಕ್ಷರು ಅವರನ್ನು ಕ್ಲಬ್ಬಿನ ಆಧಾರಸ್ತಂಭ ಎಂದು ಕರೆದು, ಬದುಕಿದ್ದಾಗ ಕೊಡದ ಹುದ್ದೆಯನ್ನು ಒಂದೇ ವಾಕ್ಯದಲ್ಲಿ ಕೊಟ್ಟು ಮುಗಿಸಿದರು. ನನಗೆ ಅಳು ಬಂದಿತ್ತು, ಭಾಷಣ ಕೇಳಿ ನಿಂತುಹೋಯಿತು.

ಮುಂದಿನ ಭಾನುವಾರ ತೀರಿಕೊಂಡವರ ಹೆಂಡತಿ ಗಂಡನ ಸಲಕರಣೆಯ ಚೀಲ ಒಯ್ಯಲು ಬಂದರು. ಅವರಿಗೆ ತೋರಿಸೋಣವೆಂದು ಅಧ್ಯಕ್ಷರು ತಾವೇ ಸ್ವಿಚ್ಚು ಒತ್ತಿದರು. ಗಾಡಿ ಸುರಂಗಕ್ಕೆ ಹೋಯಿತು. ನಾವು ಕಾದೆವು. ಚಹಾ ಕುಡಿದೆವು.

"ಕ್ರಾಸಿಂಗ್ ಇರಬೇಕು" ಎಂದರು ಅಧ್ಯಕ್ಷರು. ಹಾಗೆಂದ ಮೇಲೆ ಅವರ ಮುಖ ಸಣ್ಣದಾಯಿತು. ಗಾಡಿ ನಿಲ್ಲಿಸುತ್ತಿದ್ದವರೇ ಇಲ್ಲ, ಮತ್ತೆ ಯಾರಿಗಾಗಿ ನಿಂತಿದೆ?

ಅಧ್ಯಕ್ಷರೂ ನಾನೂ ಸೇರಿ ಗುಡ್ಡ ಎತ್ತಿದೆವು. ಪಾತ್ರೆಯ ಮುಚ್ಚಳದ ಹಾಗೆ ಸಲೀಸಾಗಿ ಬಂತು. ಉಜ್ಜುವವರಿಲ್ಲದೆ ಕಿಲುಬು ಕಟ್ಟಿದ ಹಳಿಯ ಮೇಲೆ ಇಂಜಿನ್ನು ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಚಿಕ್ಕ ಪ್ಲಾಟ್‌ಫಾರಂ. ಅದರಾಚೆ ಹಂಚಿನ ನಾಕು ಮನೆ, ತುಳಸಿಕಟ್ಟೆ, ಬಾವಿ, ಮಗುಚಿ ಇಟ್ಟ ದೋಣಿ. ಗಾಡಿ ನಿಂತರೆ ಹೊತ್ತಿಕೊಳ್ಳುವಂತೆ ಮಾಡಿದ್ದ ಒಂದು ಕಡಲೆಗಾತ್ರದ ಬಲ್ಬು ಉರಿಯುತ್ತಿತ್ತು. ಇಷ್ಟು ವರ್ಷ ನಾವು ಶೇಂಗಾ ಸುಲಿಯುವಾಗ ಗಾಡಿ ಅವರ ಊರಿನಲ್ಲಿ ನಿಂತು ಬರುತ್ತಿತ್ತು.

ಎಲ್ಲರೂ ಅಧ್ಯಕ್ಷರನ್ನು ನೋಡಿದೆವು. ನಿಯಮ ಅವರದಲ್ಲವೇ? ಅದಿರಿನ ರಾಶಿ ಗುಡಿಸಿ ಹಾಕಿಸಿದ ಕೈ ಅದು. ಅದು ಮುಂದೆ ಚಾಚಿದರೆ ಹಿಡಿದುಕೊಳ್ಳಬೇಕೆಂದು ನಾನು ಹತ್ತಿರ ಹೋಗಿ ನಿಂತೆ.

ತೀರಿಕೊಂಡವರ ಹೆಂಡತಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಬಾವಿ ಎಡಕ್ಕೆ ಇಟ್ಟಾರೆ" ಎಂದರು. "ನಮ್ಮ ಬಾವಿ ಬಲಕ್ಕೆ ಇತ್ತು. ನೀರು ಹೊತ್ತದ್ದು ನಾನು, ಅವ್ರಿಗೆಂತ ಗೊತ್ತು."

ಅಧ್ಯಕ್ಷರು ಕನ್ನಡಕ ಒರೆಸಿ ಹಾಕಿಕೊಂಡರು. ಚೀಲದಿಂದ ಚಿಮಟ ತೆಗೆದರು. "ಹಲಗೆಯ ಮೇಲೆ ತಪ್ಪು ಇರಕೂಡದು" ಎಂದು ಯಾರಿಗೂ ಅಲ್ಲದಂತೆ ಹೇಳಿ, ಬಾವಿಯನ್ನು ಮೆಲ್ಲಗೆ ಕಿತ್ತು ಬಲಕ್ಕೆ ತಂದರು.

"ಇಲ್ಲಿಯಾ?"

"ಇನ್ನೊಂಚೂರು ಆಚೆ. ಹಾಂ, ಅಲ್ಲೇ."

ಅಂಟು ಹಚ್ಚಿ ಕೂರಿಸಿದರು. ಚಿಮಟ ಪಕ್ಕದ ಮನೆಗೆ ಬಂತು. "ಇದು ಯಾರ ಮನೆ?" ಎಂದು ಕೇಳಿದರು. ಆಕೆ ಚೀಲವನ್ನು ನೆಲಕ್ಕಿಟ್ಟು, ಗಂಡ ಕೂರುತ್ತಿದ್ದ ಸ್ಟೂಲನ್ನು ಎಳೆದುಕೊಂಡು ಕೂತು, ಹೇಳತೊಡಗಿದರು. ಆ ಗುಡ್ಡವನ್ನು ನಾವು ಮತ್ತೆ ಮುಚ್ಚಲಿಲ್ಲ.