ಹೊಲಿದ ಜೇಬು

ಅವರ ಅಂಗಿಯ ಎದೆಜೇಬಿನ ಬಾಯಿಗೆ ಕಪ್ಪು ದಾರದ ಹೊಲಿಗೆ ಇರುತ್ತಿತ್ತು. ಬಿಳಿ ಅಂಗಿಗೂ ಕಪ್ಪು ದಾರವೇ. ಮೈಸೂರಿನವರು. ಅಮೆರಿಕದ ಸನ್ನಿವೇಲಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದರು. ನಾನು ಚಾಚಾ ಎನ್ನುತ್ತಿದ್ದೆ.

ಬೆಟ್ಟದಾಚೆಯ ಸರ್ಕಾರಿ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಒಮ್ಮೆ, ಹೊರಗೆ ತರಬಾರದ ಲೆಕ್ಕ ಗೀಚಿದ ಚೀಟಿಯೊಂದು ಜೇಬಿನಲ್ಲೇ ಮನೆಗೆ ಬಂದಿತ್ತಂತೆ. ಊಟಕ್ಕೆ ಕೂತವರು ಎದ್ದು, ಫ್ರೀವೇ ಹಿಡಿದು ವಾಪಸ್ ಹೋಗಿ, ಚೀಟಿ ಒಪ್ಪಿಸಿ, ತಮ್ಮ ಮೇಲೆ ತಾವೇ ದೂರು ಬರೆದುಕೊಟ್ಟರು. ಮರುದಿನ ಜೇಬುಗಳಿಗೆಲ್ಲ ಹೊಲಿಗೆ ಬಿತ್ತು.

ನಾವು ನೆರೆಯವರಾಗಿದ್ದದ್ದು ಇಂಟರ್ನೆಟ್ ಕಂಪನಿಗಳ ಭರಾಟೆಯ ಡಾಟ್-ಕಾಮ್ ಕಾಲ. ಜನ ಇನ್ನೂ ಹುಟ್ಟದ ಕಂಪನಿಯ ಬಗ್ಗೆ ಗ್ರೋಸರಿ ಸಾಲಿನಲ್ಲೂ ಕೂಗಿ ಹೇಳುತ್ತಿದ್ದರು. ಚಾಚಾ ಮಾತ್ರ ತಾವು ಮಾಡಿದ ಕೆಲಸವನ್ನು ಮಗಳಿಗೂ ಹೇಳಿರಲಿಲ್ಲ.

"ಬಾಂಬ್ ಮಾಡ್ತಿದ್ರಾ, ಅಬ್ಬಾ? ಜಸ್ಟ್ ಟೆಲ್ ಮಿ," ಎಂದು ಅವಳು ಕೇಳಿದ್ದಳು.

"ಆಫೀಸು ಕೆಲಸ," ಎಂದಿದ್ದರು. ಅಂದಿನಿಂದ ಅವಳು ಬರುವುದು ಕಡಿಮೆಯಾಯಿತು.

ಲೇಸರ್ ಬೆಳಕಿನಿಂದ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಂಶೋಧನೆಯ ಬಹುಭಾಗವನ್ನು ಸರ್ಕಾರ ಗೋಪ್ಯ ಪಟ್ಟಿಯಿಂದ ಆಗಲೇ ತೆಗೆದಿತ್ತು. ನಾನು ವರದಿಗಾರನಾಗಿದ್ದ ಪತ್ರಿಕೆಗಾಗಿ ಲೈಬ್ರರಿಯಲ್ಲಿ ಆ ಕಡತಗಳನ್ನು ತಿರುವುತ್ತಿದ್ದಾಗ ಚಾಚಾ ಬರೆದ ವರದಿಯೇ ಸಿಕ್ಕಿತು. ಪ್ರತಿ ಮಾಡಿಸಿಕೊಂಡು ಅವರಲ್ಲಿಗೆ ಓಡಿದೆ. ಅವರು ಮುಖ ತಿರುಗಿಸಿದರು.

"ಮುಚ್ಚಿಡು ಅದನ್ನ."

"ಲೈಬ್ರರೀಲಿ ಯಾರ್ ಬೇಕಾದ್ರೂ ಓದ್ಬಹುದು, ಚಾಚಾ."

"ಓದ್ಲಿ. ಬಾಯಿ ಬಿಡಲ್ಲ ಅಂತ ಸೈನ್ ಹಾಕಿರೋನು ನಾನು. ಬಾಯಿ ಬಿಡಬಹುದು ಅಂತ ನಂಗೆ ಲ್ಯಾಬಿನೋರೇ ಕಾಗದ ಬರೀಬೇಕು. ನಿಮ್ಮ ಪೇಪರ್‌ನೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗತ್ತೆ!"

ಅರ್ಜಿ ಹಾಕಿ ಕಾದರು. ತಿಂಗಳುಗಳು ಕಳೆದವು. ದಿನಕ್ಕೆ ಮೂರು ಸಲ ಅಂಚೆಪೆಟ್ಟಿಗೆ ತೆರೆಯುತ್ತಿದ್ದರು, ಭಾನುವಾರವೂ. ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಅವರ ಚಪ್ಪಲಿಯ ಸದ್ದು ನಮ್ಮ ಬಾಗಿಲ ಮುಂದೆ ಹೋಗುತ್ತಿತ್ತು, ಬರುತ್ತಿತ್ತು. ಅಷ್ಟರಲ್ಲಿ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಯಿತು.

"ಅದಕ್ಕೆ ಮೊದ್ಲು ಕಾಗದ ಬರದೇ ಹೋದ್ರೆ, ನನ್ನ ಮಗಳ ಪಾಲಿಗೆ ನಾನು ಬಾಂಬಿನೋನೇ."

"ಆ ಪ್ರತಿ ನಾನೇ ಕೊಡ್ಲಾ ಅವಳಿಗೆ?"

"ಬೇಡ. ನಾನು ಹೇಳ್ಬೇಕು."

ಆಪರೇಷನ್ನಿಗೆ ಎರಡು ದಿನ ಇರುವಾಗ ಕಾಗದ ಬಂತು. ಮೂರೇ ಸಾಲು. ಮಗಳನ್ನು ಕರೆಸಿದರು, ನನ್ನನ್ನೂ. ಮೇಜಿನ ಮೇಲೆ ಒಂದು ಸಾಸಿವೆ ಕಾಳು ಇಟ್ಟರು.

"ಇಂಧನ ಇಷ್ಟೇ. ಸುತ್ತಲಿಂದ ಒಂದೇ ಸಲ ಬೆಳಕು ಹೊಡೀಬೇಕು. ಒಂದು ಕಡೆ ಜಾಸ್ತಿ ಆದ್ರೆ ಪುಸಕ್ಕಂತ ಹಾರೋಗತ್ತೆ. ಎಲ್ಲ ಕಡೆ ಸಮ ಮಾಡೋದು ನನ್ನ ಕೆಲಸ. ಬಾಂಬಿನೋರಿಗೂ ಇದರ ಲೆಕ್ಕ ಬೇಕಿತ್ತು, ಅದಕ್ಕೇ ಬಚ್ಚಿಟ್ರು. ನಾನು ಮಾಡಿದ್ದು ಕರೆಂಟಿಗೆ, ಬೇಟಾ."

"ಡಿಡ್ ಇಟ್ ವರ್ಕ್?"

"ಇಲ್ಲ. ಇನ್ನೂ ಇಲ್ಲ."

"ಇಪ್ಪತ್ತು ವರ್ಷ, ಅಬ್ಬಾ!" ಎಂದು ಅವಳು ನಕ್ಕಳು. ಚಾಚಾ ಕೂಡ ನಕ್ಕರು. ಅಂದು ಚಹಾ ಪೂರ್ತಿ ಕುಡಿದರು.

ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಕೈಗೆ ಕಾಗದ ಬರದೆ ಒಂದು ಸಾಲೂ ಬರೆಯಬಾರದೆಂಬುದನ್ನು ನಾನು ಪತ್ರಿಕೆಯಲ್ಲಿ ಕಲಿತೆ ಎಂದೇ ಎಲ್ಲರೂ ತಿಳಿದಿದ್ದಾರೆ; ಕಲಿಸಿದವರು ಚಾಚಾ.

ಅವರು ತೀರಿಕೊಂಡ ಮೇಲೆ ಅಂಗಿಗಳನ್ನು ಮಡಚಲು ಮಗಳಿಗೆ ನೆರವಾದೆ. ಒಂದರ ಜೇಬಿನ ಹೊಲಿಗೆ ಮಾತ್ರ ಬಿಚ್ಚಿತ್ತು. ಒಳಗೆ ಆ ಮೂರು ಸಾಲಿನ ಕಾಗದ, ಮಡಿಕೆಗಳಲ್ಲಿ ಸವೆದಿತ್ತು. ಅವಳು ಅದನ್ನು ಬಿಡಿಸಿ ಓದಲಿಲ್ಲ. ಹಾಗೆಯೇ ತನ್ನ ಜೇಬಿಗಿಟ್ಟುಕೊಂಡು, ಮುಂದಿನ ಅಂಗಿ ತೆಗೆದುಕೊಂಡಳು.